ಊರು ಇದ್ದಲ್ಲೇ, ಜಿಲ್ಲೆ ಬೇರೆ

ರಾಯದುರ್ಗವನ್ನು ಬೆಟ್ಟದಿಂದ ಕೆಳಗಿಳಿಯುತ್ತ ನೋಡಬೇಕು. ಬಸ್ಸಿಳಿದವರು ಸಾಮಾನ್ಯವಾಗಿ ಪೇಟೆಯಿಂದಲೇ ಶುರು ಮಾಡುತ್ತಾರೆ. ಬಿಸಿಲೇರುವ ಹೊತ್ತಿಗೆ ಬೆಟ್ಟದ ಆಸೆಯನ್ನೇ ಬಿಡುತ್ತಾರೆ. ಹಾಗಾದರೆ ಊರಿನ ಕತೆಯನ್ನು ತುದಿಯಿಂದ ಹಿಂದಕ್ಕೆ ಕೇಳಿದಂತಾಗುತ್ತದೆ. ಕೋಟೆಯ ನೆತ್ತಿ ಸಮುದ್ರಮಟ್ಟದಿಂದ 2,727 ಅಡಿ ಎತ್ತರ. ಅಲ್ಲಿ ನಿಂತವರಿಗೆ ಬಂಡೆ, ಗಾಳಿ, ಕುಸಿದ ಗೋಡೆ ಬಿಟ್ಟರೆ ಬೇರೇನಿಲ್ಲ. ಉತ್ತರಕ್ಕೆ ಬಳ್ಳಾರಿಯ ಬಯಲು, ಪಶ್ಚಿಮಕ್ಕೆ ಮೊಳಕಾಲ್ಮೂರಿನ ಗುಡ್ಡಗಳು, ಪೂರ್ವಕ್ಕೆ ವೇದಾವತಿ, ಅಂದರೆ ಹಗರಿ ಹೊಳೆಯ ಮರಳಿನ ಹಾಸು. ಇವುಗಳಲ್ಲಿ ಯಾವುದು ಕರ್ನಾಟಕ, ಯಾವುದು ಆಂಧ್ರ ಎಂದು ಅಲ್ಲಿಂದ ಯಾರೂ ಹೇಳಲಾರರು. ಕೆಳಗಿಳಿದು, ಕೋಟೆ ದಾಟಿ, ಪೇಟೆ ದಾಟಿ, ಕಚೇರಿಗಳಿರುವ ಬೀದಿಗೆ ಬಂದ ಮೇಲೆಯೇ ಗಡಿ ಕಣ್ಣಿಗೆ ಬೀಳುವುದು. ಅದೂ ಬೋರ್ಡುಗಳ ಮೇಲೆ.

ಒಂದೇ ಊರೊಳಗೆ ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಹೋಗುವಾಗ ಹವೆ ಬದಲಾದಂತೆ ಅನ್ನಿಸುವುದು ಎಲ್ಲ ಹಳೆಯ ಊರುಗಳಲ್ಲೂ ಉಂಟು. ಗಡಿಯ ಊರುಗಳಲ್ಲಿ ಅದಕ್ಕೆ ಇನ್ನೊಂದು ಮಡಿಕೆ ಸೇರುತ್ತದೆ. ರಾಯದುರ್ಗ ಮತ್ತು ಮಡಕಶಿರಾ ಎರಡೂ ಬಹುಕಾಲ ಅನಂತಪುರ ಜಿಲ್ಲೆಯ ಪಶ್ಚಿಮ ಅಂಚಿನ ಊರುಗಳಾಗಿದ್ದವು. ಎರಡರಲ್ಲೂ ಕನ್ನಡ, ತೆಲುಗು, ಉರ್ದು ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತವೆ. ಈ ಊರುಗಳಲ್ಲಿ ನಡೆಯುವವರು ಹಾದುಹೋಗುವುದು ರಾಜ್ಯಗಳನ್ನಲ್ಲ, ಶತಮಾನಗಳನ್ನು. ರಾಜ್ಯದ ಗಡಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ತೆಳುವಾದ ಪದರ. ಆದರೂ ಜನರ ಬದುಕನ್ನು ಆಳವಾಗಿ ಕೊಯ್ದದ್ದು ಅದೇ.

ಬೆಟ್ಟದ ಮೈಯಲ್ಲಿ ಬಂಡೆಗಳ ನಡುವೆ ಗೂಡಿನಂಥ ಚಿಕ್ಕ ಕೋಣೆಗಳಿವೆ. ಬಗ್ಗಿದರಷ್ಟೇ ನುಸುಳಬಹುದಾದ ಬಾಗಿಲು, ಮೇಲಿನ ಬಂಡೆಗಳಲ್ಲಿ ಜೈನ ಶಿಲ್ಪಗಳು. ಜನರ ಬಾಯಲ್ಲಿ ಇದು ರಸಸಿದ್ಧನ ತಾಣ. ಡಬ್ಲ್ಯು. ಫ್ರಾನ್ಸಿಸ್ ಬರೆದು 1904ರಲ್ಲಿ ಅಚ್ಚಾದ ಬಳ್ಳಾರಿ ಜಿಲ್ಲಾ ಗೆಜೆಟಿಯರ್ ಈ ಗುಹೆಗಳ ಜತೆಗೆ ಊರಿನವರು ಹೇಳುತ್ತಿದ್ದ ಕತೆಯನ್ನೂ ಬರೆದಿಟ್ಟಿದೆ. ರಾಜನಿಗೆ ಇಬ್ಬರು ಹೆಂಡಿರು. ಹಿರಿಯವಳ ಮಗ ಸಾರಂಗಧರನ ಮೇಲೆ ಕಿರಿಯವಳು ಮನಸ್ಸಿಟ್ಟಳು. ಅವನು ಒಪ್ಪದಿದ್ದಾಗ ಗಂಡನ ಕಿವಿಯೂದಿದಳು. ರಾಜ ಮಗನ ಕೈಕಾಲು ಕಡಿಸಿ ಊರಾಚೆಯ ಬಂಡೆಯ ಮೇಲೆ ಬಿಸುಡಿಸಿದ. ಆ ರಾತ್ರಿ ರಸಸಿದ್ಧ ಮೂಲಿಕೆಯಿಂದ ಅವನ ಕೈಕಾಲು ಚಿಗುರಿಸಿದ. ತೆಲುಗು ನಾಡಿನಲ್ಲಿ ಇದೇ ಕತೆ ಗೋದಾವರಿ ತೀರದ ರಾಜಮಹೇಂದ್ರವರಕ್ಕೆ ಅಂಟಿಕೊಂಡಿದೆ. ರಾಯದುರ್ಗದವರಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ, ಬಂಡೆಯೂ ಗುಹೆಯೂ ಇಲ್ಲೇ ಇದ್ದವು. 19ನೇ ಶತಮಾನದ ಕೊನೆಯಲ್ಲಿ ಬಳ್ಳಾರಿಯ ವಕೀಲ ಧರ್ಮವರಂ ರಾಮಕೃಷ್ಣಮಾಚಾರ್ಯರು ಇದೇ ಕತೆಯನ್ನು ‘ವಿಷಾದ ಸಾರಂಗಧರ’ ಎಂಬ ದುಃಖಾಂತ ನಾಟಕ ಮಾಡಿ ರಂಗಕ್ಕೆ ತಂದರು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯದೇ ತಾಲ್ಲೂಕು.

ಜೈನರ ಗುರುತು ಗುಹೆಗಳಿಗೇ ಮುಗಿಯುವುದಿಲ್ಲ. 1355ರಲ್ಲಿ, ವಿಜಯನಗರದ ಮೊದಲ ಹರಿಹರನ ಕಾಲದಲ್ಲಿ, ಭೋಗರಾಜನೆಂಬ ಜೈನ ವರ್ತಕ ಇಲ್ಲಿ ಶಾಂತಿನಾಥ ಜಿನನ ಮೂರ್ತಿಯನ್ನು ನಿಲ್ಲಿಸಿದ. ವಿಜಯನಗರಕ್ಕೆ ಆಗಿನ್ನೂ ಇಪ್ಪತ್ತು ವರ್ಷದ ಹರೆಯ. ಕೋಟೆಯ ಗೋಡೆಗಳಿಗಿಂತ ಮೊದಲೇ ಇಲ್ಲಿ ವ್ಯಾಪಾರವಿತ್ತು, ವ್ಯಾಪಾರದ ಜತೆಗೆ ಬಸದಿಯಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ. ಇಲ್ಲಿಂದ ವಾಯವ್ಯಕ್ಕೆ ಒಂದು ಬೆಳಗಿನ ನಡಿಗೆಯಷ್ಟು ದೂರದ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳಿರುವುದನ್ನು ನೆನೆದರೆ, ಈ ಬಂಡೆನಾಡು ದಾರಿಹೋಕರಿಗೆ ಎಂದೂ ಹೊಸದಾಗಿರಲಿಲ್ಲ ಎಂದು ತಿಳಿಯುತ್ತದೆ.

ಕೆಳಗಿನ ಕೋಟೆಗೆ ಇಳಿಯುತ್ತಲೇ ಗಾಳಿ ನಿಲ್ಲುತ್ತದೆ. ಸಾಲು ಸಾಲು ಎತ್ತರದ ಗೋಡೆಗಳು, ಹುಣಿಸೆ ಮರದ ನೆರಳು, ಗುಡಿಗಳು. ಬೇಡ ನಾಯಕರಿಂದ ವಿಜಯನಗರದವರು ಈ ದುರ್ಗವನ್ನು ಕಿತ್ತುಕೊಂಡರು. 1565ರ ಸೋಲಿನ ತರುವಾಯ ಇದು ಪಾಳೆಯಗಾರರ ಕೈಯಲ್ಲಿ ಬೆಳೆಯಿತು. ಪ್ರಸನ್ನ ವೆಂಕಟರಮಣ, ಕೋದಂಡರಾಮ, ಜಂಬುಕೇಶ್ವರ, ಒಂದೇ ಕಲ್ಲಿನಲ್ಲಿ ಕಡೆದ ಹತ್ತು ಕೈಯ ಗಣಪ, ಎಲ್ಲ ಇಲ್ಲಿನವರೇ. ಹತ್ತು ಕೈಯ ಗಣಪನ ಮುಂದೆ ಕರ್ಪೂರ ಹಚ್ಚುವವರಲ್ಲಿ ಬಳ್ಳಾರಿ ಕಡೆಯ ಸೆರಗೂ ಇದೆ, ಕಲ್ಯಾಣದುರ್ಗ ಕಡೆಯ ಸೆರಗೂ ಇದೆ. ಅರ್ಚಕರು ಯಾರನ್ನು ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ಅವರು ಹೊಸಿಲು ದಾಟುವಷ್ಟರಲ್ಲೇ ಗೊತ್ತುಮಾಡಿಕೊಂಡಿರುತ್ತಾರೆ.

1786ರಲ್ಲಿ ಟಿಪ್ಪು ಆದೋನಿಯನ್ನು ಗೆದ್ದ ಬೆನ್ನಿಗೆ ರಾಯದುರ್ಗದ ಪಾಳೆಯಗಾರನ ಆಳ್ವಿಕೆಯೂ ಮುಗಿಯಿತು. 1799ರಲ್ಲಿ ಟಿಪ್ಪು ಮಡಿದ, ಸೀಮೆ ನಿಜಾಮನಿಗೆ ಹೋಯಿತು. ಮರುವರ್ಷವೇ ನಿಜಾಮ ತನ್ನ ಕಾವಲಿಗಿದ್ದ ಇಂಗ್ಲಿಷ್ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬರೆದುಕೊಟ್ಟ. ಅದನ್ನೇ ದತ್ತ ಮಂಡಲ ಎಂದರು. 1800ರಿಂದ 1807ರವರೆಗೆ ಥಾಮಸ್ ಮನ್ರೋ ಈ ಸೀಮೆಯ ಮುಖ್ಯ ಕಲೆಕ್ಟರ್ ಆಗಿದ್ದ. ಪಾಳೆಯಗಾರರನ್ನು ಬದಿಗೊತ್ತಿ ರೈತನ ಹೆಸರಿನಲ್ಲೇ ಹೊಲ ಅಳೆದು ಕಂದಾಯ ಕಟ್ಟಿದ. ಕೋಟೆಯ ಹೆಬ್ಬಾಗಿಲಿಗಿದ್ದ ಬೆಲೆ ತಾಲ್ಲೂಕು ಕಚೇರಿಯ ಬಾಗಿಲಿಗೆ ವರ್ಗವಾದದ್ದು ಆಗಲೇ. 1808ರಲ್ಲಿ ದತ್ತ ಮಂಡಲವನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದಾಗ ರಾಯದುರ್ಗ, ಮಡಕಶಿರಾ ಎರಡೂ ಬಳ್ಳಾರಿಗೆ ಸೇರಿದವು.

ಕೋಟೆ ಮುಗಿದು ಪೇಟೆ ಶುರುವಾಗುವ ಜಾಗದಲ್ಲಿ ಸದ್ದು ಬದಲಾಗುತ್ತದೆ. ಲಕ್ಷ್ಮೀಬಜಾರಿನ ಕಡೆಗೆ ಹೋದಂತೆ ಮಂತ್ರ, ಗಂಟೆಗಳ ಜಾಗಕ್ಕೆ ತಕ್ಕಡಿ, ಬೈಕು, ಹೊಲಿಗೆ ಯಂತ್ರ ಬರುತ್ತವೆ. ಬೆಳಗಿನ ತಿಂಡಿಗೆ ನೆನೆಸಿ ಹಿಂಡಿದ ಮಂಡಕ್ಕಿ, ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಉದುರಿಸಿದ ಪುಠಾಣಿ ಪುಡಿ, ಬದಿಗೆ ಎರಡು ಮಿರ್ಚಿ. ಬಳ್ಳಾರಿಯಲ್ಲೂ ಇದೇ, ಗುಂತಕಲ್ಲಿನಲ್ಲೂ ಇದೇ. ತಟ್ಟೆ ನೋಡಿ ರಾಜ್ಯ ಹೇಳುವುದು ಈ ಸೀಮೆಯಲ್ಲಿ ಆಗದ ಮಾತು.

ಈ ಪೇಟೆಯನ್ನು ಬೆಳೆಸಿದ್ದರಲ್ಲಿ ರೈಲಿನ ಪಾಲು ದೊಡ್ಡದು. ರೈಲು ಬರಲು ಕಾರಣ ಬರ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಅತಿ ಹೆಚ್ಚು ನಲುಗಿದ ಸೀಮೆಗಳಲ್ಲಿ ಬಳ್ಳಾರಿಯೂ ಒಂದು. ಕಾಳು ಬೇರೆಡೆ ಇದ್ದರೂ ಸಾಗಿಸಲು ದಾರಿಯಿರಲಿಲ್ಲ; ಬಂಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಆ ಪಾಠದಿಂದ ಮುಂದೆ ಬಳ್ಳಾರಿ–ರಾಯದುರ್ಗದ ಮೀಟರ್‌ಗೇಜ್ ಕವಲು 20ನೇ ಶತಮಾನದ ಆರಂಭದಲ್ಲಿ ಬಂತು. ಬರ ತಡೆಯಲು ಹಾಕಿದ ಹಳಿ ಮುಂದೆ ಶೇಂಗಾ, ಹತ್ತಿ, ಬಟ್ಟೆ ಹೊತ್ತಿತು. ದಶಕಗಳ ಕಾಲ ರೈಲು ರಾಯದುರ್ಗಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು. ಹಳಿ ಮುಗಿಯುವ ಊರಿಗೆ ಸುತ್ತಲ ಹಳ್ಳಿಗಳ ಮಾಲೆಲ್ಲ ಬಂದು ಬೀಳುವುದು ಸಹಜ. ಚಿತ್ರದುರ್ಗದ ಕಡೆಗೆ ಹಳಿ ಮುಂದುವರಿದದ್ದು ಬಹಳ ತಡವಾಗಿ, 20ನೇ ಶತಮಾನದ ಕೊನೆಗೆ.

ಇಂದು ಪೇಟೆಯ ಒಳಬೀದಿಗಳಲ್ಲಿ ಎರಡು ಕಸುಬುಗಳು ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ಒಂದು ಹಳೆಯದು: ರೇಷ್ಮೆ ಮಗ್ಗ. ನೆಲದೊಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರ, ಹಾಸಿನ ನಡುವೆ ಓಡಾಡುವ ಲಾಳಿ, ಮೂಲೆಯಲ್ಲಿ ಕಂಡಿಕೆ ಸುತ್ತುವ ಮನೆಯ ಹೆಣ್ಣುಮಕ್ಕಳು. ಮೊಳಕಾಲ್ಮೂರು ಸೀರೆಯ ಊರು ಗುಡ್ಡದ ಆಚೆಗೇ ಇದ್ದುದರಿಂದ ನೂಲಿನವರಿಗೂ ಸಾಲದವರಿಗೂ ಕೊಳ್ಳುವವರಿಗೂ ಎರಡೂ ಊರು ಒಂದೇ ಮಾರುಕಟ್ಟೆ. ಇನ್ನೊಂದು ಹೊಸದು: ಜೀನ್ಸ್. ಬಳ್ಳಾರಿಯಲ್ಲಿ ಜೀನ್ಸ್ ಉದ್ಯಮ ಬೆಳೆದಂತೆ ರಾಯದುರ್ಗದ ಮನೆಗಳ ಪಡಸಾಲೆಗಳೂ ಹೊಲಿಗೆಮನೆಗಳಾದವು. ಕತ್ತರಿಸಿದ ದಪ್ಪ ನೀಲಿ ಬಟ್ಟೆ ಬಂಡಲು ಕಟ್ಟಿಕೊಂಡು ಬರುತ್ತದೆ. ಒಬ್ಬರು ಜೇಬು ಕೂರಿಸುತ್ತಾರೆ, ಒಬ್ಬರು ಜಿಪ್ ಹಚ್ಚುತ್ತಾರೆ, ಇನ್ನೊಬ್ಬರು ಸೊಂಟಪಟ್ಟಿ ಹೊಲಿಯುತ್ತಾರೆ. ಕೂಲಿ ಪೀಸಿನ ಲೆಕ್ಕ. ವಿದ್ಯುತ್ ಹೋದರೆ ಬೀದಿ ಬೀದಿಯೇ ಒಮ್ಮೆಗೆ ಮೌನವಾಗುತ್ತದೆ, ಜನ ಹೊರಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಕರೆಂಟು ಬಂದ ಕೂಡಲೇ ಅರ್ಧಕ್ಕೆ ನಿಂತ ಮಾತನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ಮಗ್ಗದ ಬೀದಿಯಲ್ಲಿ ತಾಳ ಬೇರೆ, ಹೊಲಿಗೆಯ ಬೀದಿಯಲ್ಲಿ ತಾಳ ಬೇರೆ. ಎರಡರ ನಡುವೆ ಒಂದು ತಿರುವಿನಷ್ಟೇ ಅಂತರ.

ಈಗ ಕಚೇರಿಗಳ ಕಡೆಗೆ.

ಇಲ್ಲಿ ಬೋರ್ಡುಗಳೆಲ್ಲ ತೆಲುಗಿನವು. ಇದರ ಹಿಂದಿನ ಕತೆ ಆಂಧ್ರ ರಾಜ್ಯ ಹುಟ್ಟಿದ 1953ಕ್ಕಿಂತ ಹಳೆಯದು. ಗಾಂಧೀಜಿಯ ಕಾಲದಲ್ಲಿ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಪ್ರಕಾರ ಕಟ್ಟಿದಾಗಲೇ ಬಳ್ಳಾರಿ ಯಾರದೆಂಬ ಜಗಳ ಎದ್ದಿತ್ತು. ಎನ್. ಸಿ. ಕೇಳ್ಕರ್ ಪಂಚಾಯ್ತಿ ಮಾಡಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರ ಸಮಿತಿಗೆ, ಉಳಿದವನ್ನು ಕರ್ನಾಟಕ ಸಮಿತಿಗೆ ಕೊಟ್ಟರು. ಪಕ್ಷದ ಕೆಲಸಕ್ಕೆಂದು ಎಳೆದ ಆ ಗೆರೆ ಮೂರು ದಶಕದ ಮೇಲೆ ರಾಜ್ಯದ ಗೆರೆಯಾಯಿತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಆಂಧ್ರ ರಾಜ್ಯಕ್ಕಾಗಿ ಹಿಡಿದ ಉಪವಾಸದಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆಯಾಯಿತು, ನ್ಯಾಯಮೂರ್ತಿ ವಾಂಛೂ ವರದಿ ಬಂತು, 1953ರ ಮಾರ್ಚ್ 25ರಂದು ನೆಹರೂ ಸಂಸತ್ತಿನಲ್ಲಿ ನಿರ್ಧಾರ ತಿಳಿಸಿದರು. ಬಳ್ಳಾರಿ ತಾಲ್ಲೂಕಿನ ತಕರಾರಿಗೆ ಮಾತ್ರ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆ ನಡೆದು ಅದು ಮೈಸೂರಿಗೆ ಬಂತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿದವು.

ಬಳ್ಳಾರಿಯ ಹೋರಾಟ ಕನ್ನಡಿಗರ ನೆನಪಿನಲ್ಲಿ ಉಳಿದಿದೆ. ಅದಕ್ಕಾಗಿ ಪ್ರಾಣ ಕೊಟ್ಟ ರಂಜಾನ್ ಸಾಬರ ಹೆಸರು ಇಂದಿಗೂ ವೇದಿಕೆಗಳಲ್ಲಿ ಕೇಳಿಬರುತ್ತದೆ. ರಾಯದುರ್ಗದ ಹೆಸರು ಅದೇ ವೇದಿಕೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಗೆದ್ದ ಊರಿನ ಕತೆಯನ್ನು ಹೇಳುವವರು ಪಕ್ಕದ ಊರು ಅದೇ ದಿನ ಏನು ಕಳೆದುಕೊಂಡಿತು ಎಂಬುದನ್ನೂ ಹೇಳಬೇಕಿತ್ತು. ನಿರ್ಧಾರವಾದದ್ದು ತಾಲ್ಲೂಕುಗಳ ಲೆಕ್ಕದಲ್ಲಿ. ತಾಲ್ಲೂಕನ್ನು ಇಡಿಯಾಗಿ ತೂಗಿದಾಗ ಡಿ. ಹಿರೇಹಾಳು, ಬೊಮ್ಮನಹಾಳು ಕಡೆಯ ಹಳ್ಳಿಗಳ ಕನ್ನಡಕ್ಕೆ ಪ್ರತ್ಯೇಕ ತೂಕ ಸಿಗಲಿಲ್ಲ. ಮುಂದೆ ಆಂಧ್ರ ಮತ್ತು ಮದ್ರಾಸಿನ ನಡುವಿನ ತಕರಾರಿನಲ್ಲಿ ಮಧ್ಯಸ್ಥರಾದ ಪಾಟಸ್ಕರ್ ಹಳ್ಳಿಯನ್ನೇ ಅಳತೆಗೋಲಾಗಿ ಹಿಡಿದರು, ತಿರುತ್ತಣಿ 1960ರಲ್ಲಿ ಮದ್ರಾಸಿಗೆ ಹೋದದ್ದು ಹಾಗೆ. ಅಂಥ ಎಣಿಕೆಯ ಭಾಗ್ಯ ರಾಯದುರ್ಗದ ಹಳ್ಳಿಗಳಿಗೆ ಬರಲಿಲ್ಲ.

1950ರಲ್ಲಿ ಈ ಊರಿನಲ್ಲಿ ಹುಟ್ಟಿದ ಮಗು ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ, ಮಾತು ಕಲಿತದ್ದು ಆಂಧ್ರ ರಾಜ್ಯದಲ್ಲಿ, ಶಾಲೆಗೆ ಹೋದದ್ದು ಆಂಧ್ರಪ್ರದೇಶದಲ್ಲಿ. ಮನೆಯ ಹೊಸಿಲು ಮಾತ್ರ ಅದೇ.

ಜನರ ಓಡಾಟ ಆದೇಶಗಳನ್ನು ಕೇಳಿ ನಡೆಯುವಂಥದ್ದಲ್ಲ. ಜವಳಿಗೆ, ದೊಡ್ಡಾಸ್ಪತ್ರೆಗೆ, ಹೆಣ್ಣು ನೋಡುವುದಕ್ಕೆ ರಾಯದುರ್ಗದವರು ಇಂದಿಗೂ ಬಳ್ಳಾರಿಗೇ ಹೋಗುತ್ತಾರೆ. ಬಸ್ ನಿಲ್ದಾಣದಲ್ಲಿ ಆಂಧ್ರದ ಬಸ್ಸಿನ ಪಕ್ಕದಲ್ಲೇ ಬಳ್ಳಾರಿಯ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು ನಿಂತಿರುತ್ತದೆ, ಕಂಡಕ್ಟರು ಎರಡೂ ಭಾಷೆಯಲ್ಲಿ ಊರುಗಳ ಹೆಸರು ಕೂಗುತ್ತಾನೆ. ಶ್ರಾವಣದ ಶನಿವಾರಗಳಲ್ಲಿ ಮುರಡಿ, ನೇಮಕಲ್ಲು, ಕಸಾಪುರ ಈ ಮೂರೂ ಊರಿನ ಆಂಜನೇಯನನ್ನು ಒಂದೇ ದಿನದಲ್ಲಿ ಕಂಡು ಬರುವ ಹರಕೆಯವರು ಕರ್ನಾಟಕದ ಕಡೆಯಿಂದ ತಂಡ ತಂಡವಾಗಿ ಬರುತ್ತಾರೆ. ಹಗರಿ ಹೊಳೆಯೂ ಎರಡೂ ಕಡೆಯದು. ಅದರ ನೀರನ್ನು ಮೈಸೂರಿನವರು 1907ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ನಿಲ್ಲಿಸಿದರು. ಆಂಧ್ರದವರು ಕೆಳಗೆ ಭೈರವಾನಿತಿಪ್ಪದಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದರು. ನೀರು ಬಾರದ ವರ್ಷಗಳಲ್ಲಿ ಹೊಳೆಯ ಪಾತ್ರದ ಮರಳು ಗಾಳಿಗೆದ್ದು ಕಣೇಕಲ್ಲು, ಬೊಮ್ಮನಹಾಳಿನ ಹೊಲಗಳಿಗೆ ನುಗ್ಗುತ್ತದೆ. ದಕ್ಷಿಣದ ನಡುನಾಡಿನಲ್ಲಿ ಮರಳುದಿಬ್ಬಗಳನ್ನು ನೋಡಬೇಕಾದವರು ಇಲ್ಲಿಗೆ ಬರಬೇಕು.

ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವ ದಾರಿ ಕಲ್ಯಾಣದುರ್ಗದವರೆಗೆ ಆಂಧ್ರದ್ದೇ. ಆ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದಶಕಗಳ ಕಾಲ ತೆಲುಗು ಕಲಿಸಿದರು, ಕನ್ನಡದಲ್ಲಿ ‘ಗಾನಕಲೆ’ ಬರೆದರು, ಆಮೇಲೆ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರ ಹಾಕಿದರು. ಎರಡು ಭಾಷೆಯಲ್ಲಿ ಒಂದೇ ಮನಸ್ಸು ಕೆಲಸ ಮಾಡುವುದು ಈ ನೆಲದಲ್ಲಿ ದ್ರೋಹವೂ ಅಲ್ಲ, ಸಾಹಸವೂ ಅಲ್ಲ.

ಕಲ್ಯಾಣದುರ್ಗ ದಾಟಿ ದಕ್ಷಿಣಕ್ಕೆ ಹೋದರೆ ದಾರಿ ಕರ್ನಾಟಕದೊಳಗೆ ನುಗ್ಗುತ್ತದೆ. ಇದು ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆಯದು; ಹೆಚ್ಚುಕಡಿಮೆ ಎಲ್ಲ ಕಡೆಯಿಂದಲೂ ಆಂಧ್ರ ಸುತ್ತುವರಿದ ತುಂಡು. ಇಲ್ಲಿ ಬೋರ್ಡು ಕನ್ನಡದ್ದು, ಬಹಳ ಮನೆಗಳ ಒಳಮಾತು ತೆಲುಗು. ರಾಯದುರ್ಗ, ಮಡಕಶಿರಾಗಳಲ್ಲಿ ಕಂಡದ್ದು ಇಲ್ಲಿ ತಿರುವುಮುರುವಾಗಿ ಕಾಣುತ್ತದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್‌ನ ಸೌರ ಸ್ಥಾವರ ಬಂದ ಮೇಲೆ ಆ ಭಾಗದ ನೋಟವೇ ಬೇರೆಯಾಗಿದೆ. ಶೇಂಗಾ ಒಣಗುತ್ತಿದ್ದ ಹೊಲಗಳನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ, ಗುಡ್ಡದಿಂದ ಗುಡ್ಡಕ್ಕೆ ಕಪ್ಪು ಹಲಗೆಗಳ ಸಾಲು. ಮಳೆ ಕೊಡದ ಆಕಾಶ ಬಾಡಿಗೆ ಕೊಡತೊಡಗಿದೆ. ಕೂಲಿಯವರ ಪಾಲಿಗೆ ಆ ಬಾಡಿಗೆಯೂ ಇಲ್ಲ.

ಮತ್ತೆ ಗಡಿ ದಾಟಿ ಮಡಕಶಿರಾ ಕಡೆಗೆ ತಿರುಗಿದರೆ ಮಣ್ಣು ಕೆಂಪಾಗುತ್ತದೆ, ಕೆರೆಗಳು ಹೆಚ್ಚುತ್ತವೆ, ರೊಟ್ಟಿಯ ಜಾಗಕ್ಕೆ ರಾಗಿಮುದ್ದೆ, ಬಸ್ಸಾರು ಬರುತ್ತವೆ. ರಾಯದುರ್ಗದ ಕನ್ನಡ ಬಳ್ಳಾರಿಯದು. ಮಡಕಶಿರಾದ ಕನ್ನಡ ಶಿರಾ, ಮಧುಗಿರಿಯದು. ಭೂಪಟದಲ್ಲಿ ಈ ತಾಲ್ಲೂಕು ಮೈಸೂರು ಸೀಮೆಯೊಳಕ್ಕೆ ಚಾಚಿಕೊಂಡಿದೆ, ಇಲ್ಲಿನ ಮುಖ್ಯ ಭಾಷೆ ಕನ್ನಡ ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳೇ ಬರೆದಿವೆ. 1882ರಲ್ಲಿ ಬಳ್ಳಾರಿಯನ್ನು ಸೀಳಿ ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರಾ ಅತ್ತ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. ಆಗ ಯಾರೂ ದನಿ ಎತ್ತಲು ಕಾರಣವಿರಲಿಲ್ಲ. ಎರಡೂ ಜಿಲ್ಲೆ ಒಂದೇ ಮದ್ರಾಸ್ ಪ್ರಾಂತ್ಯದವು. ಎಪ್ಪತ್ತು ವರ್ಷದ ಮೇಲೆ ರಾಜ್ಯದ ಗೆರೆ ಎಳೆಯುವಾಗ ಆ ಹಳೆಯ ಆಡಳಿತದ ಅನುಕೂಲವೇ ಭಾಷೆಯ ಹಣೆಬರಹವಾಯಿತು.

ಮಡಕಶಿರಾ ಊರು ಬೆಟ್ಟದ ಬುಡದಲ್ಲಿದೆ. ಮೇಲೆ ಕೋಟೆ, ಕೆಳಗೆ ಪೇಟೆ, ಪಕ್ಕದಲ್ಲಿ ಕೆರೆ. ಶಿರಾದಲ್ಲಿ ಮೊಗಲರ ಸುಬೇದಾರನಿದ್ದಾಗ, ಗುತ್ತಿಯಲ್ಲಿ ಮುರಾರಿರಾವ್ ಘೋರ್ಪಡೆ ಬಲಿತಾಗ, ಶ್ರೀರಂಗಪಟ್ಟಣದಲ್ಲಿ ಹೈದರಾಲಿ ಎದ್ದಾಗ ಈ ಕೋಟೆ ಕೈಯಿಂದ ಕೈಗೆ ದಾಟಿತು. ಈ ಭಾಗದ ದೊಡ್ಡ ಕತೆ ಮಾತ್ರ ಪೇಟೆಯಲ್ಲಿಲ್ಲ. ಪಶ್ಚಿಮಕ್ಕೆ, ಅಮರಾಪುರಂ ಮಂಡಲದ ಹೇಮಾವತಿಯಲ್ಲಿದೆ.

ಹೇಮಾವತಿಯೇ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. 8ರಿಂದ 11ನೇ ಶತಮಾನದವರೆಗೆ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಅನಂತಪುರಗಳ ಬಹುಪಾಲನ್ನು ಆವರಿಸಿದ ನೊಳಂಬವಾಡಿ 32,000ದ ಆಳ್ವಿಕೆ ಇಲ್ಲಿಂದ ನಡೆಯುತ್ತಿತ್ತು. ಇಲ್ಲಿನ ನೊಳಂಬ ಶಾಸನಗಳು ಕನ್ನಡದವು. ಇಂದು ಅದು ತೆಂಗು, ಅಡಿಕೆಯ ನಡುವಿನ ಹಳ್ಳಿ. ಹಳ್ಳಿಯ ದಾರಿಯಿಂದ ಗುಡಿಯ ಆವರಣಕ್ಕೆ ಕಾಲಿಟ್ಟ ಕ್ಷಣವೇ ಎಲ್ಲ ಬದಲಾಗುತ್ತದೆ. ದೊಡ್ಡೇಶ್ವರ ಗುಡಿಯ ಮುಂದೆ ನುಣುಪಾದ ಕರಿಕಲ್ಲಿನ ನಂದಿ. ಗೋಡೆಯಲ್ಲಿ ಬೆಳಕು ಸೋಸುವ ಕಲ್ಲಿನ ಜಾಲಂಧ್ರಗಳು, ಅವುಗಳ ಬಳ್ಳಿಯ ಸುರುಳಿಗಳೊಳಗೆ ದೇವತೆಗಳು. ಪಕ್ಕದ ಸಿದ್ಧೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿಲ್ಲ, ಮನುಷ್ಯರೂಪದಲ್ಲಿ ಕುಳಿತಿದ್ದಾನೆ. ಶಿವರಾತ್ರಿಯ ಜಾತ್ರೆಗೆ ಎರಡೂ ರಾಜ್ಯದವರು ಬರುತ್ತಾರೆ. ಶಿರಾ ಕಡೆಯ ಒಕ್ಕಲುಗಳಿಗೆ ಈತ ಮನೆದೇವರು. ಆಂಧ್ರದ ಭೂಪಟದಲ್ಲಿರುವ ಮನೆದೇವರು.

ಹೆಂಜೇರಿನ ಕಂಬಗಳು ಊರು ಬಿಟ್ಟು ಬಹುದೂರ ಹೋಗಿವೆ. 11ನೇ ಶತಮಾನದಲ್ಲಿ ದಂಡೆತ್ತಿ ಬಂದ ಚೋಳರು ನೊಳಂಬರ ಕೆತ್ತನೆಯ ಕಂಬಗಳನ್ನು ಕಿತ್ತು ಕಾವೇರಿ ತೀರಕ್ಕೆ ಸಾಗಿಸಿದರು. ತಂಜಾವೂರಿನ ಬಳಿಯ ತಿರುವೈಯ್ಯಾರಿನ ಗುಡಿಯಲ್ಲಿ ಅವು ಇಂದಿಗೂ ಚಾವಣಿ ಹೊತ್ತಿವೆ. ಇನ್ನಷ್ಟು ಶಿಲ್ಪಗಳು ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯ ಸೇರಿದವು, ಸಿ. ಶಿವರಾಮಮೂರ್ತಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಕಲೆ ಬಲ್ಲವರು ಚೆನ್ನೈನಲ್ಲಿ ಇವನ್ನು ನೋಡಿ ಬೆರಗಾಗುತ್ತಾರೆ, ಇವು ಬಂದ ಊರಿಗೆ ಹೋಗುವವರು ವಿರಳ. ಕರ್ನಾಟಕದ ಪ್ರವಾಸದ ಪಟ್ಟಿಯಲ್ಲಿ ಅದಿಲ್ಲ, ಏಕೆಂದರೆ ಅದು ಆಂಧ್ರದಲ್ಲಿದೆ. ಆಂಧ್ರದ ಪಟ್ಟಿಯಲ್ಲಿ ಲೇಪಾಕ್ಷಿ ಮುಗಿದ ಮೇಲೆ ಜಾಗ ಉಳಿಯುವುದಿಲ್ಲ. ಒಂದು ರಾಜಧಾನಿಗೆ ಇದಕ್ಕಿಂತ ಹೆಚ್ಚಿನ ಗೌರವ ಸಲ್ಲಬೇಕು.

ಅಮರಾಪುರಂನ ಶಾಸನವೊಂದು ಇನ್ನೂ ಹತ್ತಿರದ ಮಾತನ್ನು ಹೇಳುತ್ತದೆ. 1278ರದು, ನಿಡುಗಲ್ಲಿನಿಂದ ಆಳುತ್ತಿದ್ದ ಇರುಂಗೋಳ ಚೋಳನ ಕಾಲದ್ದು. ಮಲ್ಲಿಸೆಟ್ಟಿಯೆಂಬ ಜೈನ ಗೃಹಸ್ಥ ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯಲ್ಲಿ 2,000 ಅಡಿಕೆ ಮರಗಳನ್ನು ದಾನ ಕೊಟ್ಟ. ಹೊನ್ನಲ್ಲ, ಊರಲ್ಲ, ಅಡಿಕೆ ಮರ. ಬಸದಿಯ ಖರ್ಚು ವರ್ಷ ವರ್ಷವೂ ತೋಟದಿಂದ ಬರಲಿ ಎಂಬ ಲೆಕ್ಕಾಚಾರ. 2,000 ಮರ ನಿಲ್ಲಬೇಕಾದರೆ ಬತ್ತದ ನೀರು ಬೇಕು, ಬೇಸಿಗೆಯಲ್ಲಿ ಹನಿಸುವ ಆಳು ಬೇಕು, ಕೊಳ್ಳುವ ಸಂತೆ ಬೇಕು. ಬರಕ್ಕೇ ಹೆಸರಾದ ಜಿಲ್ಲೆಯ ಈ ಮೂಲೆಯಲ್ಲಿ ಏಳೂವರೆ ಶತಮಾನದ ಹಿಂದೆ ಅವೆಲ್ಲ ಇದ್ದವು. ಇಂದೂ ಅಮರಾಪುರಂ, ಅಗಳಿ, ರೊಳ್ಳ ಕಡೆ ಹೋದರೆ ಒಣ ಬೋರೆಯ ನಡುವೆ ಇದ್ದಕ್ಕಿದ್ದಂತೆ ಅಡಿಕೆ ತೋಟದ ತಂಪು ಮುಖಕ್ಕೆ ಬಡಿಯುತ್ತದೆ. ಚೇಣಿಗೆ ಹಿಡಿದವರು ಗೊನೆ ಇಳಿಸುತ್ತಾರೆ, ಹೆಂಗಸರು ಸಾಲಾಗಿ ಕೂತು ಕಾಯಿ ಸುಲಿಯುತ್ತಾರೆ, ಹಂಡೆಯಲ್ಲಿ ಬೆಂದ ಅಡಿಕೆಯ ಒಗರು ವಾಸನೆ ಕಣದ ಸುತ್ತ ನಿಂತಿರುತ್ತದೆ. ಶಾಸನದ ಕಾಲಕ್ಕಿಂತ ಬೇರೆಯಾದದ್ದು ನೀರಿನ ಮೂಲ. ಕೆರೆ, ಬಾವಿಗಳ ಕೆಲಸವನ್ನು ನೂರಾರು ಅಡಿ ಆಳದ ಕೊಳವೆಬಾವಿ ಮಾಡುತ್ತಿದೆ, ಅದು ಬತ್ತಿದ ವರ್ಷ ತೋಟವೂ ಒಣಗುತ್ತದೆ.

ಅಡಿಕೆಯಷ್ಟು ನೀರಿಲ್ಲದವರು ಹಿಪ್ಪುನೇರಳೆ ಬೆಳೆಯುತ್ತಾರೆ. ಹುಳುಮನೆಯಲ್ಲಿ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಕಾಯುವಂತಿಲ್ಲ, ಚಿಟ್ಟೆ ಹೊರಬಂದರೆ ನೂಲೇ ಇಲ್ಲ. ಹಾಗಾಗಿ ಚೀಲ ಕಟ್ಟಿ ಹಿಂದೂಪುರಕ್ಕೋ, ಬೆಲೆ ಚೆನ್ನಾಗಿದೆ ಎಂದು ಕೇಳಿದರೆ ರಾಮನಗರಕ್ಕೋ ಹೊರಡುತ್ತಾರೆ. ಬೆಲೆಗೆ ಗಡಿಯಿಲ್ಲ.

ಗಡಿ ಇರುವುದು ಶಾಲೆಯಲ್ಲಿ. ಮಡಕಶಿರಾ, ಅಮರಾಪುರಂ, ಗುಡಿಬಂಡ, ರೊಳ್ಳ, ಅಗಳಿ ಮಂಡಲಗಳಲ್ಲಿ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿವೆ; ರಾಯದುರ್ಗದ ಕಡೆಯೂ ಇವೆ. ಆಂಧ್ರ ಸರ್ಕಾರ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ, ಕನ್ನಡ ಮಾಧ್ಯಮದ ಶಿಕ್ಷಕರ ಹುದ್ದೆಗಳನ್ನು ಗುರುತಿಸಿ ತುಂಬುತ್ತದೆ. ಇದು ಸಣ್ಣ ಸಂಗತಿಯಲ್ಲ, ಒಪ್ಪಿಕೊಂಡು ಹೇಳಬೇಕು. ಆದರೆ ಹತ್ತನೇ ತರಗತಿ ದಾಟಿದ ಮೇಲೆ ಕನ್ನಡದ ದಾರಿ ಕಿರಿದಾಗುತ್ತದೆ. ಮುಂದಿನ ಓದು, ಅರ್ಜಿ, ಪೊಲೀಸು, ಕೋರ್ಟು ಎಲ್ಲ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ. 2019ರಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳಲ್ಲೆಲ್ಲ ಇಂಗ್ಲಿಷ್ ಮಾಧ್ಯಮ ತರುವ ಆದೇಶ ಹೊರಡಿಸಿತು. ಮರುವರ್ಷ ಹೈಕೋರ್ಟ್ ಅದನ್ನು ರದ್ದುಮಾಡಿತು. ಆದರೂ ತಂದೆತಾಯಿಯರು ಮಕ್ಕಳ ಹೊಟ್ಟೆಪಾಡನ್ನು ನೆನೆದು ತಾವಾಗಿಯೇ ಇಂಗ್ಲಿಷಿನ ಕಡೆ ನಡೆಯುತ್ತಿದ್ದಾರೆ. ಅವರನ್ನು ದೂರುವಂತಿಲ್ಲ. ಬೆಂಗಳೂರಿನ ಸಭೆಗಳಲ್ಲಿ ಗಡಿನಾಡ ಕನ್ನಡಿಗರ ಅಭಿಮಾನವನ್ನು ಹೊಗಳುವವರು ಆ ಮಕ್ಕಳಿಗೆ ಶಿರಾದಲ್ಲೋ ತುಮಕೂರಿನಲ್ಲೋ ಕಾಲೇಜು, ಹಾಸ್ಟೆಲ್ ಸಿಗುವಂತೆ ಮಾಡಿದರೆ ಆ ಹೊಗಳಿಕೆಗೆ ಬೆಲೆ ಬರುತ್ತದೆ.

2022ರ ಏಪ್ರಿಲ್ 4ರಂದು ಆಂಧ್ರ ತನ್ನ 13 ಜಿಲ್ಲೆಗಳನ್ನು 26 ಮಾಡಿತು. ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. 1882ರಲ್ಲಿ ಒಮ್ಮೆ ಬೇರೆಯಾಗಿ, 1953ರಲ್ಲಿ ಕೂಡಿ, ಈಗ ಮತ್ತೆ ಎರಡು ಊರೂ ಎರಡು ಜಿಲ್ಲೆಗಳಲ್ಲಿವೆ.

ಇವೆರಡನ್ನೂ ಒಂದೇ ದಾರಿಗೆ ಕಟ್ಟುವ ಕೆಲಸ ಮಾತ್ರ ನಿಧಾನವಾಗಿ ನಡೆದಿದೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ್ದು, ಮಂಜೂರಾದದ್ದು 2007–08ರಲ್ಲಿ. ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗಗಳನ್ನು ಹಾದು ಎರಡೂ ರಾಜ್ಯಗಳನ್ನು ಹೊಕ್ಕು ಹೊರಡುವ ಈ ದಾರಿಗೆ ಎರಡೂ ಸರ್ಕಾರಗಳು ನೆಲವನ್ನೂ ಖರ್ಚಿನ ಪಾಲನ್ನೂ ಕೊಡಬೇಕು. ರಾಯದುರ್ಗದ ಕಡೆಯಿಂದ ಹಳಿ ಕಲ್ಯಾಣದುರ್ಗ ದಾಟಿ ಬಂದಿದೆ. ಅದು ತುಮಕೂರು ತಲುಪಿದರೆ ಅಗಳಿಯ ಅಡಿಕೆ, ಮಡಕಶಿರಾದ ಗೂಡು, ರಾಯದುರ್ಗದ ಜೀನ್ಸ್ ಒಂದೇ ಗೂಡ್ಸ್ ಗಾಡಿಯಲ್ಲಿ ಹೋಗಬಹುದು. ರೊಳ್ಳದ ಶಾಲೆಯಲ್ಲಿ ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿ ಮಡಕಶಿರಾದಲ್ಲಿ ರೈಲು ಹತ್ತಿ ತುಮಕೂರಿನ ಕಾಲೇಜಿಗೆ ಹೋಗಿ ಸಂಜೆಗೆ ಮನೆಗೆ ಮರಳಬಹುದು. ಪಾವಗಡ, ಮಡಕಶಿರಾ ಭಾಗದಲ್ಲಿ ನೆಲ ಬಿಟ್ಟುಕೊಟ್ಟ ರೈತರು ಆ ಗಾಡಿಗಾಗಿ ಕಾಯುತ್ತಿದ್ದಾರೆ.